ಹಾಜರಿ ಪುಸ್ತಕದ ಮೂವರು ಹೆಂಗಸರು

ತರಬೇತಿ ಕೇಂದ್ರದ ಸ್ಟೋರ್ ರೂಮಿಗೆ ಎರಡು ತುಂಡಿನ ಬಾಗಿಲು. ಕೆಳಗಿನ ತುಂಡು ಸದಾ ಮುಚ್ಚಿರುತ್ತಿತ್ತು, ಮೇಲಿನದು ತೆರೆದಿರುತ್ತಿತ್ತು. ಅದರ ಹಿಂದೆ ಹದಿನಾಲ್ಕು ವರ್ಷದಿಂದ ನಿಂತಿದ್ದವಳನ್ನು ಹುಡುಗರು, ಮೇಷ್ಟ್ರುಗಳು, ಪ್ರಿನ್ಸಿಪಾಲರು ಎಲ್ಲರೂ ಸ್ಟೋರಮ್ಮ ಅಂತಲೇ ಕರೆಯುತ್ತಿದ್ದರು. ವಯಸ್ಸು ನಲವತ್ತೊಂದು. ಗಂಡ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿ ಅವರಿಬ್ಬರ ಜೊತೆ ಅತ್ತೆ.

ವೆಲ್ಡಿಂಗ್ ವಿಭಾಗ ಸ್ಟೋರಿನ ಎದುರಿಗೇ ಇತ್ತು. ಹುಡುಗರು ಬಂದು ರಾಡ್ ಕೊಡಿ ಅಂದರೆ ಅವಳು ಸುಮ್ಮನೆ ಕೊಡುತ್ತಿರಲಿಲ್ಲ. ಯಾವ ಕೆಲಸಕ್ಕೆ, ತಗಡು ಎಷ್ಟು ದಪ್ಪ, ಮಲಗಿಸಿ ಬೆಸೀತೀಯೋ ನಿಲ್ಲಿಸಿಯೋ ಅಂತ ವಿಚಾರಿಸಿ, ಆಮೇಲೆ ಕೈ ಹಿಂದಕ್ಕೆ ಚಾಚಿ ತಿರುಗಿಯೂ ನೋಡದೆ ಸರಿಯಾದ ಪೊಟ್ಟಣ ತೆಗೆಯುತ್ತಿದ್ದಳು. ಎದುರಿನಿಂದ ಬರುವ ಚರ್ರೆನ್ನುವ ಸದ್ದು ಕೇಳಿಯೇ ಯಾರ ಕೈ ನಡುಗುತ್ತಿದೆ, ಯಾರು ಕರೆಂಟು ಜಾಸ್ತಿ ಇಟ್ಟಿದ್ದಾನೆ ಅಂತ ಹೇಳಬಲ್ಲವಳಾಗಿದ್ದಳು. ಆದರೆ ಆ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ರಾಡ್ ಹಿಡಿಯುವ ಹೋಲ್ಡರನ್ನು ಕೈಗೆ ತೆಗೆದುಕೊಂಡಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಯಾರಿಗೂ ಅದು ಹೊಳೆದಿರಲಿಲ್ಲ, ಅಷ್ಟೆ. ಅವಳಿಗೆ ಹೊಳೆದಿತ್ತು, ಬಾಯಿ ಬಿಟ್ಟಿರಲಿಲ್ಲ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಗಂಡಸರೇ ತುಂಬಿರುವ ವಿಭಾಗಗಳಲ್ಲಿ ಕನಿಷ್ಠ ಮೂವರು ಮಹಿಳೆಯರಾದರೂ ಇರಬೇಕು, ಅಂಗವಿಕಲರಿಗೆ ಅವಕಾಶ ಇರಬೇಕು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿರಬೇಕು. ನಾಲ್ಕು ತಿಂಗಳಲ್ಲಿ ತಪಾಸಣೆಗೆ ಬರುತ್ತೇವೆ. ಇಲ್ಲದಿದ್ದರೆ ಕೇಂದ್ರದ ಮಾನ್ಯತೆಯನ್ನು ಮರುಪರಿಶೀಲಿಸಲಾಗುವುದು. ವೆಲ್ಡಿಂಗ್ ವಿಭಾಗದಲ್ಲಿ ಆಗ ಇಪ್ಪತ್ತನಾಲ್ಕು ಹುಡುಗರಿದ್ದರು. ಹೆಣ್ಣು ಅಂತ ಅಲ್ಲಿಗೆ ಕಾಲಿಡುತ್ತಿದ್ದವಳು ಕಸ ಗುಡಿಸುವ ದೊಡ್ಡಮ್ಮ ಒಬ್ಬಳೇ.

ಪ್ರಿನ್ಸಿಪಾಲರಿಗೆ ಮೀಟಿಂಗ್ ಅಂದರೆ ಪ್ರಾಣ. ಸುತ್ತೋಲೆ ಬಂದ ಮಾರನೆಯ ದಿನವೇ ಸಮಿತಿಯಾಯಿತು. ಸಮಿತಿಗೆ ಒಂಬತ್ತು ಜನ ಸದಸ್ಯರು, ಒಂಬತ್ತೂ ಗಂಡಸರು. ಹತ್ತನೆಯ ಕುರ್ಚಿಯನ್ನು ಮಹಿಳಾ ಸದಸ್ಯೆಗೆಂದು ಗೌರವದಿಂದ ಖಾಲಿ ಬಿಡಲಾಯಿತು. ಸೂಕ್ತರಾದವರು ಸಿಕ್ಕ ಕೂಡಲೇ ತುಂಬುವುದೆಂದು ತೀರ್ಮಾನವಾಯಿತು. ಮೊದಲ ಮೀಟಿಂಗಿನಲ್ಲಿ ಕ್ಯಾಂಟೀನ್ ಅಕ್ಕ ಚಹಾದ ಟ್ರೇ ಹಿಡಿದು ಒಳಗೆ ಬಂದು, ಒಂಬತ್ತು ಲೋಟ ಇಟ್ಟು ಹೊರಗೆ ಹೋದಳು. ನಡಾವಳಿ ಪುಸ್ತಕದಲ್ಲಿ ಗುಮಾಸ್ತ ಬರೆದ: ಸಭೆಯಲ್ಲಿ ಮಹಿಳಾ ಪ್ರಾತಿನಿಧ್ಯ ಇತ್ತು.

ಗೇಟಿಗೆ ಬ್ಯಾನರ್ ಕಟ್ಟಿಸಿದರು. ಒಳಗೊಳ್ಳುವಿಕೆ ಅನ್ನುವ ಪದ ಬರೆಯುವವನಿಗೆ ಹೊಸದು. ಅವನು ತನಗೆ ತಿಳಿದಂತೆ ‘ಲಿಂಗ ಸಮಾನತೆ, ವೈವಿಧ್ಯ ಮತ್ತು ಒಳಗೊಲ್ಲುವಿಕೆ’ ಅಂತ ಬರೆದ. ಒಂಬತ್ತು ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ತಪ್ಪನ್ನು ಕಂಡವಳು ಸ್ಟೋರಮ್ಮ. ಹೇಳೋಣ ಅಂತ ಹೋದವಳು, ಒಂದೊಂದು ಸಲ ಕೈತಪ್ಪಿನಲ್ಲೇ ನಿಜ ಬರುತ್ತದೆ ಅಂದುಕೊಂಡು ಅರ್ಧ ದಾರಿಯಿಂದ ವಾಪಸು ಬಂದಳು.

ಪ್ರಕಟಣೆ ಹೊರಟಿತು. ನಾಲ್ಕು ಹುಡುಗಿಯರು ಬಂದರು. ಸಮಿತಿ ಅವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿತು. ಮದುವೆ ಯಾವಾಗ ಅಂತ ಕೇಳಿತು. ಕಿಡಿ ಹಾರಿ ಮುಖಕ್ಕೆ ಕಲೆಯಾದರೆ ಮನೆಯವರು ಏನನ್ನುತ್ತಾರೆ ಅಂತ ಕೇಳಿತು. ಇಷ್ಟು ಸಣ್ಣ ಕೈಯಲ್ಲಿ ಇದೆಲ್ಲ ಆಗುತ್ತದೆಯೇ ಅಂತ ತುಂಬ ಪ್ರೀತಿಯಿಂದಲೇ ಕೇಳಿತು. ಮೂವರು ಅಲ್ಲಿಂದಲೇ ಎದ್ದು ಹೋದರು. ನಾಲ್ಕನೆಯವಳು ಗಟ್ಟಿಗಿತ್ತಿ, ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ ನಿಮ್ಮದೇನಾದರೂ ಪ್ರಶ್ನೆ ಇದೆಯೇ ಅಂದಾಗ, ವರ್ಕ್‌ಶಾಪಿನಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ ಅಂದಳು. ಅದನ್ನು ಮುಂದಿನ ಸಭೆಯ ವಿಷಯಗಳಲ್ಲಿ ಸೇರಿಸಲಾಗುವುದು ಅಂತ ಪ್ರಿನ್ಸಿಪಾಲರು ಭರವಸೆ ಕೊಟ್ಟರು. ಅವಳು ಮುಂದಿನ ಸಭೆಯವರೆಗೆ ಕಾಯಲಿಲ್ಲ.

ಹೆಣ್ಣುಮಕ್ಕಳಿಗೇ ಆಸಕ್ತಿ ಇಲ್ಲ, ನಾವೇನು ಮಾಡೋಣ ಅಂತ ಸಮಿತಿ ನಿಟ್ಟುಸಿರು ಬಿಟ್ಟಿತು. ಆಗ ಪ್ರಿನ್ಸಿಪಾಲರಿಗೇ ಒಂದು ಉಪಾಯ ಹೊಳೆಯಿತು. ಹೊರಗಿನ ಹೆಂಗಸರು ಸಿಗದಿದ್ದರೇನು, ಒಳಗಿನವರು ಇದ್ದಾರಲ್ಲ.

ಸ್ಟೋರಮ್ಮ, ಕ್ಯಾಂಟೀನ್ ಅಕ್ಕ, ದೊಡ್ಡಮ್ಮ, ಮೂವರನ್ನೂ ಚೇಂಬರಿಗೆ ಕರೆಸಿದರು. ಕುಳಿತುಕೊಳ್ಳಿ ಅಂದರು. ಆ ಕೋಣೆಯಲ್ಲಿ ಅವರಿಗೆ ಯಾರೂ ಹಾಗೆ ಅಂದಿರಲಿಲ್ಲವಾದ್ದರಿಂದ ಮೂವರೂ ನಿಂತೇ ಇದ್ದರು. ವೆಲ್ಡಿಂಗ್ ವಿಭಾಗಕ್ಕೆ ನಿಮ್ಮ ಹೆಸರು ಸೇರಿಸುತ್ತೇವೆ, ಬರೀ ಕಾಗದದ ಮೇಲೆ, ನಿಮಗೇನೂ ತೊಂದರೆ ಇಲ್ಲ, ತಪಾಸಣೆಯ ದಿನ ಬಂದು ನಿಂತರೆ ಮುಗಿಯಿತು ಅಂತ ವಿವರಿಸಿದರು. ಅರ್ಜಿ ತುಂಬುವಾಗ ಗುಮಾಸ್ತ ಏನೋ ಕೇಳಿದ, ದೊಡ್ಡಮ್ಮ ಬೇರೆ ಏನೋ ಹೇಳಿದಳು. ಅವಳಿಗೆ ಎಡಗಿವಿ ಚಿಕ್ಕಂದಿನಿಂದಲೂ ಕೇಳುವುದಿಲ್ಲ, ಬಲಗಿವಿಯೂ ಅಷ್ಟಕ್ಕಷ್ಟೆ ಅಂತ ಕ್ಯಾಂಟೀನ್ ಅಕ್ಕ ತಿಳಿಸಿದಳು. ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದೇಬಿಟ್ಟರು. ವಯಸ್ಸು ಎಷ್ಟು ಅಂತ ಕೂಗಿ ಕೇಳಿದರು. ಐವತ್ತೆರಡು ಅಂದಳು. ಮಹಿಳೆ ಒಂದು, ಅಂಗವಿಕಲತೆ ಎರಡು, ವಯಸ್ಸು ಮೂರು. ಒಬ್ಬಳಿಂದ ಮೂರು ಕಾಲಂ ತುಂಬಿತು. ಇಪ್ಪತ್ತು ವರ್ಷದಿಂದ ಅದೇ ಅಂಗಳ ಗುಡಿಸುತ್ತಿದ್ದ ದೊಡ್ಡಮ್ಮನ ಯೋಗ್ಯತೆ ಅವರಿಗೆ ತಿಳಿದದ್ದು ಅವತ್ತೇ.

ಸಹಿ ಹಾಕಿದ ಮೇಲೆ ಸ್ಟೋರಮ್ಮ ಪೆನ್ನು ಮುಚ್ಚಿಟ್ಟು, "ಕ್ಲಾಸ್ ಎಷ್ಟು ಗಂಟೆಗೆ ಸರ್?" ಅಂದಳು.

ಪ್ರಿನ್ಸಿಪಾಲರು ಒಳ್ಳೆಯ ತಮಾಷೆ ಕೇಳಿದವರ ಹಾಗೆ ನಕ್ಕರು.

ಮನೆಯಲ್ಲಿ ಗಂಡನೂ ನಕ್ಕ. ಊಟಕ್ಕೆ ಕೂತಾಗ ವಿಷಯ ಹೇಳಿದಳು. ಕಾಗದದ ಮೇಲೆ ತಾನೇ, ಇರಲಿ ಬಿಡು ಅಂದ. ಕಾಗದದ ಮೇಲಲ್ಲ, ನಾಳೆಯಿಂದಲೇ ಹೋಗುತ್ತೇನೆ ಅಂದಾಗ ನಗು ನಿಂತಿತು. ಈ ವಯಸ್ಸಿನಲ್ಲಿ ಹುಡುಗರ ಮಧ್ಯೆ ಹೋಗಿ ಕೂರುತ್ತೀಯಾ, ನೋಡಿದವರು ಏನಂದಾರು, ಬೇಡ ಅಂದರೆ ಬೇಡ ಅಂತ ಶುರು ಮಾಡಿದ. ಕೊನೆಗೆ, "ಕೈ ಸುಟ್ಕೊಂಡ್ರೆ ಏನ್ ಗತಿ?" ಅಂದ.

ಅವಳು ತೋಳು ಮೇಲೆತ್ತಿ ತೋರಿಸಿದಳು. ಒಗ್ಗರಣೆ ಸಿಡಿದದ್ದು, ಕುಕ್ಕರಿನ ಹಬೆ ತಗುಲಿದ್ದು, ಬಾಣಲೆಯ ಅಂಚು ಮುಟ್ಟಿದ್ದು, ಮುಂಗೈಯಿಂದ ಮೊಣಕೈವರೆಗೂ ಕಲೆ. "ನೋಡಿ, ಇಲ್ಲಿ ಇನ್ನೂ ಸುಡೋಕೆ ಜಾಗ ಇದೆಯಾ?"

ಗಂಡ ಮಜ್ಜಿಗೆ ಕಲಸಿಕೊಂಡು ಉಂಡ. ಅತ್ತೆ ಮಾತ್ರ, ಅಲ್ಲಿ ಹಾಕಿಕೊಳ್ಳಲು ಬಟ್ಟೆ ಏನು ಕೊಡುತ್ತಾರೆ ಅಂತ ಕೇಳಿದಳು.

ಮಾರನೆಯ ದಿನ ಬೆಳಗಿನ ಸಾಮಾನು ವಿತರಣೆ ಮುಗಿದ ಮೇಲೆ ಸ್ಟೋರಮ್ಮ ಬಾಗಿಲಿನ ಎರಡೂ ತುಂಡು ಹಾಕಿ, ತರಗತಿಯಲ್ಲಿದ್ದೇನೆ ಅಂತ ಒಂದು ಚೀಟಿ ಅಂಟಿಸಿ, ಎದುರಿಗೆ ನಡೆದಳು. ವೆಲ್ಡಿಂಗ್ ಮೇಷ್ಟ್ರು ತೆಳ್ಳಗಿನ ಮನುಷ್ಯ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೆಂಗಸರ ಮೇಲೆ ಅವರಿಗೆ ವಿಶೇಷ ಸಿಟ್ಟೇನೂ ಇರಲಿಲ್ಲ. ಕಲಿಯಲು ಬಂದವರೆಲ್ಲರ ಮೇಲೂ ಒಂದೇ ಸಮನಾಗಿ ಸಿಡುಕುತ್ತಿದ್ದರು. ಸುತ್ತೋಲೆ ಕೇಳಿದ್ದ ಸಮಾನತೆ ಆ ಕೇಂದ್ರದಲ್ಲಿ ಎಲ್ಲಾದರೂ ಇದ್ದಿದ್ದರೆ ಅದು ಅಲ್ಲಿ ಮಾತ್ರ.

ರಾಡ್ ತಂದಿದ್ದೀರಾ ಅಂತ ಅವರು ಕೇಳಿದರು. ಕಲಿಯಲು ಬಂದಿದ್ದೇನೆ ಅಂದಳು. ಇದು ಆಟದ ಜಾಗ ಅಲ್ಲ, ಹೋಗಿ ಸ್ಟೋರ್ ತೆಗೆಯಿರಿ ಅಂದರು. ಅವಳು ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆರೆದು ಕೊನೆಯ ಮೂರು ಸಾಲಿನ ಮೇಲೆ ಬೆರಳಿಟ್ಟಳು. ತರಗತಿ ಶುರುವಾದ ದಿನದಿಂದಲೂ ಮೂವರು ಬರುತ್ತಿದ್ದರು ಅಂತ ತೋರಿಸಲು ಪ್ರಿನ್ಸಿಪಾಲರು ಹಿಂದಿನ ಸಂಜೆಯೇ ಹೇಳಿ ಬರೆಸಿದ್ದರು. ಮೂವರಿಗೂ ಮೂರು ವಾರದ ಹಾಜರಿ, ಕೆಳಗೆ ಮೇಷ್ಟ್ರ ಸಹಿ.

"ಮೂರು ವಾರದಿಂದ ದಿನಾ ಬಂದಿದ್ದೀನಿ ಅಂತ ನೀವೇ ಬರ್ದಿದ್ದೀರಿ ಸರ್. ಇವತ್ತೊಂದು ದಿನ ಹೊರಗೆ ಹಾಕಿದ್ರೆ ಲೆಕ್ಕ ತಪ್ಪುತ್ತೆ."

ಮೇಷ್ಟ್ರು ತಮ್ಮ ಸಹಿಯನ್ನು ನೋಡಿದರು. ಸುಳ್ಳು ಸಹಿ ಹಾಕಿದ್ದು ಅವರ ಕೆಲಸದ ಬದುಕಿನಲ್ಲಿ ಅದೇ ಮೊದಲು, ಮನಸ್ಸು ಕುಟುಕುತ್ತಿತ್ತು. ಅದನ್ನು ನಿಜ ಮಾಡುವ ದಾರಿ ಎದುರಿಗೆ ಬಂದು ನಿಂತಿತ್ತು. ಮೂಲೆಯಲ್ಲಿದ್ದ ಹೆಲ್ಮೆಟ್ ಕಡೆ ಕೈ ತೋರಿಸಿದರು.

ಹದಿನಾಲ್ಕು ವರ್ಷ ನೋಡಿದ್ದೇನೆ, ಬೇಗ ಬರುತ್ತದೆ ಅಂತ ಸ್ಟೋರಮ್ಮ ಅಂದುಕೊಂಡಿದ್ದಳು. ಹೆಲ್ಮೆಟಿನ ಕಪ್ಪು ಗಾಜು ಇಳಿಸಿದರೆ ಪ್ರಪಂಚವೇ ಇಲ್ಲ. ರಾಡನ್ನು ತಗಡಿಗೆ ಬೆಂಕಿಕಡ್ಡಿ ಗೀರಿದ ಹಾಗೆ ಮೆಲ್ಲಗೆ ಸವರಿ ಎತ್ತಬೇಕು. ಅವಳು ಸವರಿದಳು, ಅದು ಅಂಟಿಕೊಂಡು ಕೂತಿತು. ಎಳೆದಳು, ಬರಲಿಲ್ಲ. ಮೊದಲ ದಿನ ಇಪ್ಪತ್ತೆರಡು ಸಲ ಅಂಟಿತು. ಹಿಂದೆ ನಿಂತಿದ್ದ ಹುಡುಗರು ಎಣಿಸುತ್ತಿದ್ದರು. ಸ್ಟೋರಿನ ಬಾಗಿಲಲ್ಲಿ ಅವಳಿಂದ ಬೈಸಿಕೊಂಡವರಿಗೆಲ್ಲ ಅವತ್ತು ಹಬ್ಬ. ಮನೆಗೆ ಬಂದಾಗ ಭುಜ ಸೋತಿತ್ತು. ತಿಳಿದದ್ದೆಲ್ಲ ತಲೆಯಲ್ಲಿತ್ತು, ಕೈಗೆ ಇನ್ನೂ ಇಳಿದಿರಲಿಲ್ಲ.

ಚರ್ಮದ ಕೋಟುಗಳು ಎಲ್ಲವೂ ಒಂದೇ ಅಳತೆ. ಒಂದರೊಳಗೆ ಅವಳಂಥವರು ಇಬ್ಬರು ಹಿಡಿಯುತ್ತಿದ್ದರು, ತೋಳು ಬೆರಳ ತುದಿ ದಾಟುತ್ತಿತ್ತು. ಅತ್ತೆ ಹಿಂದೆ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ದಬ್ಬಳ ಹುಡುಕಿ, ತೋಳು ಕತ್ತರಿಸಿ, ಎರಡು ಮಧ್ಯಾಹ್ನ ಕೂತು ಕೋಟನ್ನು ಸೊಸೆಯ ಮೈಗೆ ಸರಿಮಾಡಿ ಕೊಟ್ಟಳು. ಇನ್ನಿಬ್ಬರು ಇದ್ದಾರಂತಲ್ಲ, ಅವರದೂ ತಾ ಅಂದಳು.

ಇನ್ನಿಬ್ಬರು ಬಂದದ್ದು ಎರಡನೆಯ ವಾರ. ಕ್ಯಾಂಟೀನ್ ಅಕ್ಕನಿಗೆ ಸುಮ್ಮನೆ ಕುತೂಹಲ. ಸದ್ದು ಹಿಡಿಯುವುದರಲ್ಲಿ ಅವಳು ಗಟ್ಟಿ; ಕಾದ ಎಣ್ಣೆಗೆ ಹಿಟ್ಟು ಬಿಟ್ಟ ಸದ್ದೇ ಇದು, ಜಾಸ್ತಿ ಚಟಪಟ ಅಂದರೆ ಉರಿ ಜಾಸ್ತಿ ಅಂತ ಅರ್ಥ ಮಾಡಿಕೊಂಡಳು. ಆದರೆ ತಾಳ್ಮೆ ಇಲ್ಲ, ಕೈ ಓಡುತ್ತಿತ್ತು. ದೊಡ್ಡಮ್ಮನ ಕಿವಿಗೆ ಆ ಸದ್ದು ಬೀಳುತ್ತಲೇ ಇರಲಿಲ್ಲ. ಅವಳು ಕಪ್ಪು ಗಾಜಿನೊಳಗಿನಿಂದ ಕರಗಿದ ಲೋಹದ ಸಣ್ಣ ಹೊಂಡವನ್ನಷ್ಟೇ ನೋಡುತ್ತಿದ್ದಳು. ಪಕ್ಕದಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಕಿರುಚಲಿ, ಹುಡುಗರು ನಗಲಿ, ಅವಳ ಕೈ ಒಂದೇ ಗತಿಯಲ್ಲಿ ಸಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಮೇಷ್ಟ್ರು ಅವಳ ತಗಡಿನ ಮೇಲಿನ ಕರಿ ಪೊರೆಯನ್ನು ಸುತ್ತಿಗೆಯಿಂದ ಕುಟ್ಟಿ ತೆಗೆದು, ಕೆಳಗಿನ ಗೆರೆಯ ಮೇಲೆ ಬೆರಳಾಡಿಸಿ, ಆ ತುಂಡನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಅವರು ಯಾರನ್ನಾದರೂ ಹೊಗಳಿದ್ದನ್ನು ಹುಡುಗರು ನೋಡಿದ್ದು ಅದೊಂದೇ.

ಕ್ಯಾಂಟೀನ್ ಹನ್ನೊಂದು ಗಂಟೆಗೆ ಮುಚ್ಚತೊಡಗಿದ್ದು ಸಮಿತಿಯ ಗಮನಕ್ಕೆ ಬಂತು. ಒಂದು ಮೀಟಿಂಗ್ ಪೂರ್ತಿ ಚಹಾ ಇಲ್ಲದೆ ನಡೆಯಿತು. ಮಹಿಳಾ ಪ್ರಾತಿನಿಧ್ಯವೂ ಇಲ್ಲದೆ ನಡೆಯಿತು. ಪ್ರಿನ್ಸಿಪಾಲರು ಮೂವರನ್ನೂ ಮತ್ತೆ ಕರೆಸಿ, ನಿಮ್ಮ ಉತ್ಸಾಹ ಮೆಚ್ಚುವಂಥದ್ದೇ, ಆದರೆ ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಅಗತ್ಯವಿಲ್ಲ ಅಂದರು. ತಪಾಸಣೆಗೆ ಬಂದವರು ಬೆಸೆದು ತೋರಿಸಿ ಅಂದರೆ ಏನು ಮಾಡುವುದು ಅಂತ ಸ್ಟೋರಮ್ಮ ಕೇಳಿದಳು. ಅವರು ಅದನ್ನು ಯೋಚಿಸಿರಲಿಲ್ಲ. ಸರಿ, ತಪಾಸಣೆಯವರೆಗೆ ಮಾತ್ರ ಅಂತ ಒಪ್ಪಿಕೊಂಡರು.

ಹಾಗಾದರೆ ಶೌಚಾಲಯವೂ ಬೇಕಲ್ಲ ಅಂದಳು ಅವಳು. ಇದೆಯಲ್ಲ ಅಂತ ಅವರು ಕಟ್ಟಡದ ನಕ್ಷೆ ತೆಗೆದು ತೋರಿಸಿದರು. ನಿಜಕ್ಕೂ ಇತ್ತು; ವರ್ಕ್‌ಶಾಪಿನ ಪಕ್ಕದಲ್ಲೇ ಮಹಿಳಾ ಶೌಚಾಲಯ ಅಂತ ಸ್ಪಷ್ಟವಾಗಿ ಬರೆದಿತ್ತು. ಬೀಗ ಹಾಕಿ ಎಷ್ಟು ವರ್ಷವಾಗಿತ್ತೋ. ಕೇಂದ್ರದ ಎಲ್ಲ ಬೀಗದ ಕೈಗಳೂ ಸ್ಟೋರಮ್ಮನ ಬಳಿಯೇ ಇದ್ದವು. ಅವತ್ತೇ ಮೂವರೂ ಹೋಗಿ ತೆಗೆದರು. ಒಳಗೆ ನೆಲದಿಂದ ಸೂರಿನವರೆಗೆ ಹಳೆಯ ಬ್ಯಾನರುಗಳು, ವರ್ಷವರ್ಷದ ಮಹಿಳಾ ದಿನಾಚರಣೆಯವು. ಅವನ್ನೆಲ್ಲ ಹೊತ್ತು ತಂದು ಪ್ರಿನ್ಸಿಪಾಲರ ಚೇಂಬರಿನಲ್ಲಿ ಒಟ್ಟಿದರು. ಇಡಲು ಬೇರೆ ಜಾಗ ಇರಲಿಲ್ಲ.

ತಪಾಸಣೆಯ ವಾರ ಬಂತು. ಮಹಿಳಾ ಸ್ನೇಹಿ ವಾತಾವರಣ ಅಂತ ಸಮಿತಿ ವೆಲ್ಡಿಂಗಿನ ಒಂದು ಬೂತಿಗೆ ಗುಲಾಬಿ ಬಣ್ಣ ಹೊಡೆಸಿತು. ಗೋಡೆಯ ತಗಡಿಗೆ, ಮೇಜಿಗೆ, ಕಾಲಿಗೆ, ಎಲ್ಲಕ್ಕೂ. ಬಣ್ಣದ ಮೇಲೆ ಬೆಸೆದರೆ ಹೊಗೆ ಏಳುತ್ತದೆ ಅಂತ ಮೇಷ್ಟ್ರು ಹೇಳಿದರು. ಮೇಷ್ಟ್ರ ಅಭಿಪ್ರಾಯವನ್ನು ಗೌರವದಿಂದ ದಾಖಲಿಸಲಾಯಿತು.

ಮೂವರೂ ಒಂದೊಂದು ಪರೀಕ್ಷಾ ತುಂಡು ತಯಾರು ಮಾಡಿ, ಉಜ್ಜಿ, ಸಾಲಾಗಿ ಜೋಡಿಸಿಟ್ಟುಕೊಂಡು ಕಾದರು. ತಪಾಸಣಾಧಿಕಾರಿ ಹನ್ನೆರಡು ಗಂಟೆಗೆ ಬಂದರು. ಕೈಯಲ್ಲಿ ಮುದ್ರಿತ ನಮೂನೆ. ಮಹಿಳೆಯರು ಎಷ್ಟು ಅಂದರು, ಮೂರು ಅಂದರು ಪ್ರಿನ್ಸಿಪಾಲರು. ಅಧಿಕಾರಿ ಗುರುತು ಹಾಕಿದರು. ಅಂಗವಿಕಲರು? ಒಬ್ಬರು. ಗುರುತು. ನಲವತ್ತು ದಾಟಿದವರು? ಅಷ್ಟರಲ್ಲಿ ಗುಲಾಬಿ ಬೂತಿನಲ್ಲಿ ಕ್ಯಾಂಟೀನ್ ಅಕ್ಕ ತೋರಿಸಿಬಿಡೋಣ ಅಂತ ರಾಡ್ ಹಚ್ಚಿದಳು. ಬಣ್ಣ ಗುಳ್ಳೆಗುಳ್ಳೆಯಾಗಿ ಉಬ್ಬಿ, ಕಮಟು ಹೊಗೆ ಎದ್ದು, ಅಧಿಕಾರಿ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಉಳಿದ ನಮೂನೆಯನ್ನು ಅಲ್ಲೇ ನಿಂತು ತುಂಬಿದರು. ಒಟ್ಟು ಹತ್ತು ನಿಮಿಷ. ಬೆಸುಗೆ ಹೇಗೆ ಮಾಡುತ್ತಾರೆ ಅಂತ ಕೇಳುವ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ.

ಸ್ಟೋರಮ್ಮ ತನ್ನ ತುಂಡನ್ನು ಹಿಡಿದು ಅಂಗಳಕ್ಕೆ ಬಂದಳು. ಅಧಿಕಾರಿ ಅದನ್ನು ಉಡುಗೊರೆ ಅಂದುಕೊಂಡು, ನಾವು ಏನನ್ನೂ ಸ್ವೀಕರಿಸುವ ಹಾಗಿಲ್ಲ ಅಂತ ಕೈ ಮುಗಿದು ಕಾರು ಹತ್ತಿದರು. ಅವಳು ಆ ತುಂಡು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ತಗಡು ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ಅಳು ಬಂದ ಹಾಗಾಯಿತು, ಅಳಲಿಲ್ಲ.

ವಾರ ಕಳೆದು ಕೊನೆಯ ಪರೀಕ್ಷೆಯ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದರಲ್ಲಿ ಇಪ್ಪತ್ತನಾಲ್ಕೇ ಹೆಸರು. ಹಾಜರಿ ಪುಸ್ತಕದಲ್ಲಿ ಮೂವರ ಸಾಲಿನ ಮೇಲೂ ಕೆಂಪು ಗೆರೆ ಎಳೆದು, ಕೌಟುಂಬಿಕ ಕಾರಣಗಳಿಂದ ಬಿಟ್ಟಿರುತ್ತಾರೆ ಅಂತ ಬರೆದಿತ್ತು. ಸ್ಟೋರಮ್ಮ ಚೇಂಬರಿಗೆ ಹೋಗಿ ಕೇಳಿದಳು. ನಿಮ್ಮ ಒಳ್ಳೆಯದಕ್ಕೇ ಅಮ್ಮಾ, ಈ ವಯಸ್ಸಿನಲ್ಲಿ ಪರೀಕ್ಷೆ ಗಿರೀಕ್ಷೆ ಅಂತ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ, ಹೆಂಗಸರು ಬಿಟ್ಟರೆ ಸಾಧಾರಣವಾಗಿ ಬರೆಯುವುದು ಹಾಗೇ ಅಂತ ಪ್ರಿನ್ಸಿಪಾಲರು ಸಮಾಧಾನ ಮಾಡಿದರು. ಸಾಲದ್ದಕ್ಕೆ ಒಬ್ಬರು ನಪಾಸಾದರೂ ವರದಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂದರು.

ಅವತ್ತು ಸಂಜೆ ಅವಳು ಮನೆಯಲ್ಲಿ ಏನನ್ನೂ ಬೇಡಲಿಲ್ಲ. ಆ ಸಾಲನ್ನು ಇದ್ದ ಹಾಗೇ ಗಂಡನಿಗೆ ಹೇಳಿದಳು, ಅಷ್ಟೆ. ಕೌಟುಂಬಿಕ ಕಾರಣ ಅಂದರೆ ಏನು ಅಂತ ಅತ್ತೆ ಕೇಳಿದಳು. ಮನೆಯವರು ಬೇಡ ಅಂದರು ಅಂತ ಅರ್ಥ ಅಂದಳು ಸ್ಟೋರಮ್ಮ.

ಮಾರನೆಯ ದಿನ ಗಂಡ ರಜೆ ಹಾಕಿದ. ಅತ್ತೆಯೂ ಹೊರಟಳು. ಪ್ರಿನ್ಸಿಪಾಲರ ಚೇಂಬರಿನಲ್ಲಿ ಮೀಟಿಂಗ್ ನಡೆಯುತ್ತಿತ್ತು, ಒಂಬತ್ತು ಜನರೂ ಇದ್ದರು. ದೊಡ್ಡಮ್ಮ, ಕ್ಯಾಂಟೀನ್ ಅಕ್ಕ ಬಾಗಿಲಲ್ಲಿ ನಿಂತರು. ಕಂಡಕ್ಟರ್ ಕಿಕ್ಕಿರಿದ ಬಸ್ಸಿನಲ್ಲಿ ದಾರಿ ಮಾಡಿಕೊಂಡು ಅಭ್ಯಾಸವಿದ್ದವನು, ನೇರ ಮೇಜಿನವರೆಗೂ ಹೋದ.

"ಕೌಟುಂಬಿಕ ಕಾರಣ ಅಂತ ಬರ್ದಿದ್ದೀರಂತೆ. ಕುಟುಂಬ ಅಂದ್ರೆ ನಾನು, ನಮ್ಮಮ್ಮ. ಯಾವ ಕಾರಣ ಅಂತ ಹೇಳಿ, ನಮಗೂ ಗೊತ್ತಾಗ್ಲಿ."

ಅದೊಂದು ಕಚೇರಿಯ ಪದ್ಧತಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಪ್ರಿನ್ಸಿಪಾಲರು ಹೇಳಲು ಹೊರಟರು.

"ನಾನು ಯಾವತ್ತು ಬೇಡ ಅಂದೆ?" ಅಂದ ಗಂಡ. ಸ್ಟೋರಮ್ಮ ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿ ಮುಂದುವರಿಸಿದ. "ಅಂದಿದ್ರೂ ಅದು ನಮ್ಮ ಮನೆ ಮಾತು. ಅಡುಗೆಮನೇಲಿ ಆಡಿದ್ದನ್ನ ನೀವ್ಯಾಕೆ ಪುಸ್ತಕದಲ್ಲಿ ಬರೀತೀರಿ?"

ಅತ್ತೆ ಎಡಗಡೆ ಖಾಲಿ ಇದ್ದ ಹತ್ತನೆಯ ಕುರ್ಚಿ ಎಳೆದುಕೊಂಡು, ಮಂಡಿ ನೋವು ಅಂತ ಕೂತುಕೊಂಡಳು. ಕೂತ ಮೇಲೆ ಏಳಲಿಲ್ಲ. ಆಗ ಯಾರೂ ನಿರೀಕ್ಷಿಸದ ಹಾಗೆ ಮೀಟಿಂಗಿಗೆ ಕರೆಸಿದ್ದರಿಂದ ಮೂಲೆಯಲ್ಲಿ ಕೂತಿದ್ದ ವೆಲ್ಡಿಂಗ್ ಮೇಷ್ಟ್ರು ಎದ್ದು ನಿಂತರು. ಮೂವರದೂ ನಾಲ್ಕು ತಿಂಗಳ ಹಾಜರಿಗೆ ತಾವು ಸಹಿ ಹಾಕಿದ್ದಾಗಿ, ಮೊದಲ ಮೂರು ವಾರ ಬಿಟ್ಟರೆ ಉಳಿದದ್ದೆಲ್ಲ ನಿಜವೆಂದು, ಹೆಸರು ಪಟ್ಟಿಗೆ ಬಾರದಿದ್ದರೆ ಆ ಮೂರು ವಾರದ ವಿಷಯವನ್ನೂ ಸೇರಿಸಿ ಬರವಣಿಗೆಯಲ್ಲಿ ಮೇಲಿನವರಿಗೆ ತಿಳಿಸುವುದಾಗಿ ಹೇಳಿದರು. ಮಧ್ಯಾಹ್ನದೊಳಗೆ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರಾಯಿತು. ಮಹಿಳೆಯರ ಸಬಲೀಕರಣಕ್ಕಾಗಿ ಸಮಿತಿ ಕೈಗೊಂಡ ದಿಟ್ಟ ಕ್ರಮ ಅಂತ ನಡಾವಳಿಯಲ್ಲಿ ಸೇರಿತು.

ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದರು. ಕಾರ್ಖಾನೆಗಳಿಗೆ ದೊಡ್ಡ ಟ್ಯಾಂಕುಗಳನ್ನು ಮಾಡಿಕೊಡುವ ವರ್ಕ್‌ಶಾಪಿನ ಯಜಮಾನ, ಮಾತು ಕಡಿಮೆ, ಕಿವಿಯ ಹಿಂದೆ ಸದಾ ಪೆನ್ಸಿಲ್. ನಿಯಮದ ಪ್ರಕಾರ ತುಂಡುಗಳ ಮೇಲೆ ಹೆಸರಿಲ್ಲ, ಸೀಮೆಸುಣ್ಣದ ಸಂಖ್ಯೆ ಮಾತ್ರ. ಹುಡುಗರು, ಹೆಂಗಸರು ಎಲ್ಲರೂ ಬೆಸೆದು ಕೊಟ್ಟು ಹೊರಗೆ ಕಾದರು. ಅವರು ಒಂದೊಂದನ್ನೇ ಒತ್ತುಯಂತ್ರಕ್ಕೆ ಕೊಟ್ಟು ಬೆಸುಗೆಯ ಜಾಗದಲ್ಲೇ ಬಗ್ಗಿಸಿದರು. ಒಳ್ಳೆಯ ಬೆಸುಗೆ ಬಿಡದೆ ಬಗ್ಗುತ್ತದೆ, ಕೆಟ್ಟದ್ದು ಬಾಯಿ ಬಿಡುತ್ತದೆ. ಒಂಬತ್ತು ತುಂಡು ಬಾಯಿ ಬಿಟ್ಟವು. ಕ್ಯಾಂಟೀನ್ ಅಕ್ಕನದು ಟಪ್ಪೆಂದು ಎರಡಾಗಿ ಬಿತ್ತು. ಸ್ಟೋರಮ್ಮನದರಲ್ಲಿ ಅಂಚಿನ ಬಳಿ ಕೂದಲೆಳೆಯಷ್ಟು ಬಿರುಕು ಕಂಡಿತು. ಭೂತಗನ್ನಡಿ ಹಿಡಿದು ಅಳೆದು, ನಡೆಯುತ್ತದೆ ಅಂದರು; ಪಾಸಾದ ಹುಡುಗರ ತುಂಡುಗಳಲ್ಲಿ ಬಿರುಕು ಇನ್ನೂ ಉದ್ದವಿತ್ತು. ದೊಡ್ಡಮ್ಮನದು ಕುದುರೆ ಲಾಳದ ಹಾಗೆ ಬಗ್ಗಿತು, ಎಲ್ಲೂ ಒಂದು ಗೀಟಿಲ್ಲ.

ಎಲ್ಲ ಮುಗಿದ ಮೇಲೆ ಅವರು ಪೆನ್ಸಿಲಿನಿಂದ ಎರಡು ಸಂಖ್ಯೆ ಬರೆದು ಮೇಷ್ಟ್ರ ಕೈಗೆ ಕೊಟ್ಟರು. ಈ ಇಬ್ಬರು ಯಾರು, ಸೋಮವಾರದಿಂದ ನನ್ನ ಹತ್ತಿರ ಕಳಿಸಿ ಅಂದರು. ಮೇಷ್ಟ್ರು ಹೊರಗೆ ಹೋಗಿ ಇಬ್ಬರನ್ನೂ ಕರೆದುಕೊಂಡು ಬಂದರು. ಯಜಮಾನರು ಅವರ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಅಂತ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ.

"ನಮ್ಮಲ್ಲಿ ಹೆಂಗಸರು ಯಾರೂ ಇಲ್ವಲ್ಲ" ಅಂದರು.

"ಸೋಮವಾರದಿಂದ ಇರ್ತೀವಿ" ಅಂದಳು ಸ್ಟೋರಮ್ಮ.

ಅವರು ಬಗ್ಗಿಸಿದ ತುಂಡನ್ನು ಇನ್ನೊಮ್ಮೆ ಕೈಯಲ್ಲಿ ತಿರುಗಿಸಿದರು. ಮನಸ್ಸು ಒಂದು ಹೇಳುತ್ತಿತ್ತು, ಕೈಯಲ್ಲಿದ್ದ ಕಬ್ಬಿಣ ಇನ್ನೊಂದು. ಆಮೇಲೆ ಅವರೇ ಒಂದು ಕಾರಣ ಹುಡುಕಿಕೊಂಡರು. ಟ್ಯಾಂಕಿನ ಮೇಲಿನ ಕಿಂಡಿ ಚಿಕ್ಕದು, ದಪ್ಪ ಮೈಯ ಗಂಡಸರು ಒಳಗೆ ಇಳಿಯಲು ಒದ್ದಾಡುತ್ತಾರೆ, ಒಳಗಿನ ಬೆಸುಗೆಗೆ ಸಣ್ಣ ಮೈಯವರು ಬೇಕೇ ಬೇಕಿತ್ತು ಅಂದರು. ಸ್ಟೋರಮ್ಮನಿಗೆ ಕಾರಣ ಬೇಕಿರಲಿಲ್ಲ, ಎಷ್ಟು ಗಂಟೆಗೆ ಬರಬೇಕು ಅಂತ ಮಾತ್ರ ಕೇಳಿದಳು.

ಕ್ಯಾಂಟೀನ್ ಅಕ್ಕ ಮೂರು ತಿಂಗಳ ನಂತರ ಮತ್ತೆ ಕೂತು ಪಾಸಾದಳು. ಆದರೆ ಎಲ್ಲೂ ಹೋಗಲಿಲ್ಲ. ಚಹಾ ಮಾಡುವುದು ತನಗೆ ಇಷ್ಟ, ಆದರೆ ಮೀಟಿಂಗಿಗೆ ಹೊತ್ತು ತರುವುದಿಲ್ಲ, ಬೇಕಾದವರು ಬಂದು ಕುಡಿಯಲಿ ಅಂದಳು. ಒಲೆಗೆ ಹೊಸ ಸ್ಟ್ಯಾಂಡನ್ನು ತಾನೇ ಬೆಸೆದುಕೊಂಡಳು. ಒಂದು ಕಾಲು ಸ್ವಲ್ಪ ಗಿಡ್ಡ, ಅಡಿಗೆ ರಟ್ಟು ಇಟ್ಟಿದ್ದಾಳೆ. ಸ್ಟೋರಿಗೆ ಬಂದ ಹೊಸಬ ಯಾವ ರಾಡ್ ಕೇಳಿದರೂ ಎದುರಿಗೆ ಸಿಕ್ಕ ಪೊಟ್ಟಣ ಕೊಡುತ್ತಾನೆ. ಎರಡು ತಿಂಗಳು ಕಳೆದ ಮೇಲೆ ಮೇಷ್ಟ್ರು ಒಂದು ದಿನ ಟ್ಯಾಂಕ್ ವರ್ಕ್‌ಶಾಪಿಗೆ ಬಂದು, ಯಾವುದು ಯಾವ ಕಪಾಟಿನಲ್ಲಿದೆ ಅಂತ ಸ್ಟೋರಮ್ಮನಿಂದ ಬರೆಸಿಕೊಂಡು ಹೋದರು.

ಆ ವರ್ಷ ಒಳಗೊಳ್ಳುವಿಕೆಗೆ ಕೊಡುವ ಬಹುಮಾನ ಪ್ರಿನ್ಸಿಪಾಲರಿಗೆ ಬಂತು. ಸಮಾರಂಭಕ್ಕೆ ಮೂವರು ಸಾಧಕಿಯರನ್ನು ವೇದಿಕೆಯ ಮೇಲೆ ಕೂರಿಸಬೇಕೆಂದು ಸಮಿತಿ ತೀರ್ಮಾನಿಸಿತು. ಕ್ಯಾಂಟೀನ್ ಅಕ್ಕ, ಅವತ್ತು ಇನ್ನೂರು ಜನಕ್ಕೆ ಚಹಾ ಮಾಡಬೇಕು, ವೇದಿಕೆ ಹತ್ತಿದರೆ ಒಲೆ ಯಾರು ನೋಡುತ್ತಾರೆ ಅಂದಳು. ಪ್ರಿನ್ಸಿಪಾಲರು ಸ್ಟೋರಮ್ಮನಿಗೆ ಫೋನ್ ಮಾಡಿದರು. ಮಧ್ಯಾಹ್ನದ ಊಟದ ಹೊತ್ತು, ಅವಳು ದೊಡ್ಡಮ್ಮನ ಜೊತೆ ಟ್ಯಾಂಕಿನ ನೆರಳಲ್ಲಿ ಕೂತಿದ್ದಳು.

ಬುಧವಾರ ಎರಡು ಗಂಟೆಗೆ ಬನ್ನಿ ಅಮ್ಮಾ, ನಿಮ್ಮಿಂದಲೇ ದೀಪ ಹಚ್ಚಿಸುತ್ತೇವೆ ಅಂದರು. ಬುಧವಾರ ಟ್ಯಾಂಕ್ ಲಾರಿಗೆ ಏರಬೇಕು, ಆಗಲ್ಲ ಸರ್ ಅಂದಳು. ಒಂದೇ ಒಂದು ಗಂಟೆ ಅಂದರು. ಒಂದು ಗಂಟೆಯಲ್ಲಿ ಒಂದೂವರೆ ಮೀಟರ್ ಬೆಸುಗೆ ಆಗುತ್ತೆ ಸರ್ ಅಂದಳು. ಹೋಗಲಿ, ದೊಡ್ಡಮ್ಮನನ್ನಾದರೂ ಕಳಿಸಿ, ಅವರೊಬ್ಬರು ಬಂದರೆ ಮೂರು ಜನ ಬಂದ ಹಾಗೆ ಅಂತ ಪ್ರಿನ್ಸಿಪಾಲರು ಗೋಗರೆದರು.

ಸ್ಟೋರಮ್ಮ ಫೋನನ್ನು ದೊಡ್ಡಮ್ಮನ ಬಲಗಿವಿಗೆ ಹಿಡಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಹೂಂ ಹೂಂ ಅಂದಳು. ಆಮೇಲೆ ಫೋನ್ ವಾಪಸು ಕೊಟ್ಟು, "ಯಾರೋ ಏನೋ ಬೇಕು ಅಂತಿದಾರೆ, ನಂಗೊಂದೂ ಕೇಳಿಸ್ಲಿಲ್ಲ" ಅಂದಳು.

ಕೇಳಿಸಲಿಲ್ಲವೋ, ಬೇಕಾಗಲಿಲ್ಲವೋ, ಸ್ಟೋರಮ್ಮ ಕೆದಕಲಿಲ್ಲ. ಡಬ್ಬಿ ಮುಚ್ಚಿ, ಕೋಟಿನ ಗುಂಡಿ ಹಾಕಿಕೊಂಡು, ಏಣಿ ಹತ್ತಿದಳು. ದೊಡ್ಡಮ್ಮ ಕೆಳಗಿನಿಂದ ಏಣಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.